ಬ್ಯಾಟರಿ ಕೆಟ್ಟದ್ದು ಎಳ್ಳಮಾಸಿಗಲ್ಲ

ಎಳ್ಳ ಅಮಾವಾಸ್ಯೆಯ ದಿನ ಮರಾಠವಾಡದ ಸಾಸ್ತೂರಿನ ಸುತ್ತಮುತ್ತ ಮನೆಯಲ್ಲಿ ಕೂರುವವರು ಕಡಿಮೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮರಾಠಿ ಮಾತಿನಲ್ಲಿ ಈ ಹಬ್ಬ ‘ಯೇಳವಸ’. ನಮ್ಮ ಎಳ್ಳಮಾಸಿಯೇ ನಾಲಿಗೆ ಬದಲಿಸಿಕೊಂಡಂತಿದೆ. ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಹುಡುಗರೂ ಹಬ್ಬಕ್ಕೆ ಬರುತ್ತಾರೆ. ದೀಪಾವಳಿಗೆ ಬಂದಾಗ ತಗಡಿನ ಕೆಳಗೆ ನಿಲ್ಲಿಸಿ ಹೋದ ಎರಡು ಚಕ್ರದ ಗಾಡಿಯ ಗೋಣಿತಟ್ಟು ಸರಿಸಿ, ಕೀಲಿ ತಿರುವಿ, ಗುಂಡಿ ಒತ್ತಿದರೆ ಬರೀ ಟಕ್ ಟಕ್. ಹಾರ್ನು ಕೆಮ್ಮುತ್ತದೆ. ‘ಸೆಲ್ಫ್ ತಗೋವಲ್ದು, ಬ್ಯಾಟರಿ ಕೂತದ!’

ಚಳಿಗೆ ಕೂತಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದು ಕೆಟ್ಟದ್ದು ಮೇ ತಿಂಗಳಲ್ಲಿ, ಗೊತ್ತಾದದ್ದು ಎಳ್ಳಮಾಸಿಗೆ.

ಗಾಡಿಯ ಬ್ಯಾಟರಿ ಎಂದರೆ ಸೀಸದ ಪ್ಲೇಟು ಮತ್ತು ನೀರು ಬೆರೆತ ಗಂಧಕಾಮ್ಲ. ತಲಾ 2 ವೋಲ್ಟಿನ ಆರು ಕೋಣೆ ಸೇರಿ 12 ವೋಲ್ಟ್. ಫ್ರಾನ್ಸಿನ ಗಾಸ್ಟೊನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ವಿದ್ಯೆ ಇಂದಿಗೂ ಸೀಟಿನ ಕೆಳಗಿದೆ. ಅದಕ್ಕೆ ಹಿತವಾದ ಬಿಸಿ 25 ಡಿಗ್ರಿ ಆಸುಪಾಸು. ಅದಕ್ಕಿಂತ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ. ಮರಾಠವಾಡದ ಬೇಸಿಗೆ 40 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಒಳಗಿನ ನೀರು ಆರುತ್ತದೆ, ಪ್ಲೇಟು ಸವೆಯುತ್ತದೆ. ಆದರೂ ಬಿಸಿಲಲ್ಲಿ ಗಾಡಿ ಸಲೀಸಾಗಿ ಎದ್ದುಬಿಡುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಚಳಿಗಾಲ ಬಂತೋ, ಎಂಜಿನ್ ಆಯಿಲ್ ಗಟ್ಟಿ, ಬ್ಯಾಟರಿ ಮಂದ. ಆಗ ಮುಚ್ಚಿಟ್ಟ ಬಡತನ ಬಯಲಾಗುತ್ತದೆ.

ಸುಮ್ಮನೆ ನಿಲ್ಲಿಸುವುದು ಇನ್ನೊಂದು ಪೆಟ್ಟು. ಬಳಸದಿದ್ದರೂ ಬ್ಯಾಟರಿಯ ಚಾರ್ಜ್ ಸೋರುತ್ತಲೇ ಇರುತ್ತದೆ. ಗಡಿಯಾರ, ಅಲಾರಾಂ ಇದ್ದರೆ ಅವೂ ಹೀರುತ್ತವೆ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್, ಪಾಕ ಕಲ್ಲುಸಕ್ಕರೆ ಆದಂತೆ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜಿಂಗ್ ಹಾಕಿದರೂ ಪೂರ್ತಿ ಕರಗದು.

ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಹೆಚ್ಚಾಗಿ 6 ವೋಲ್ಟಿನ ಗಾಡಿಗಳು. ಆ ಕಾಲದ ಫಟಫಟಿಯವರು ಕಿಕ್ ಹೊಡೆದೇ ಬದುಕಿದರು. ಈಗ ಹಾಗಿಲ್ಲ. 2017ರಿಂದ ಹೊಸ ಗಾಡಿಗಳ ಹೆಡ್‌ಲೈಟು ಹಗಲಲ್ಲೂ ಉರಿಯುತ್ತದೆ. 2020ರ ಬಿಎಸ್-6 ನಿಯಮದ ನಂತರ ಹೆಚ್ಚಿನವಕ್ಕೆ ಕಾರ್ಬ್ಯುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್. ಪೆಟ್ರೋಲ್ ಪಂಪು ತಿರುಗಲೂ ಕರೆಂಟು ಬೇಕು. ಕಿಕ್ ಇಲ್ಲದ ಇಂಥ ಗಾಡಿಯ ಬ್ಯಾಟರಿ ಪೂರ್ತಿ ಸತ್ತರೆ, ನಾಲ್ಕು ಮಂದಿ ತಳ್ಳಿದರೂ ಬೆವರೇ ಬಂತು.

ನನಗೂ ಒಮ್ಮೆ ಟೋಪಿ ಬಿತ್ತು. ‘ಬ್ಯಾಟರಿ ಹೋಗ್ಯಾದ್ರಿ, ಹೊಸಾದ್ ಹಾಕ್ರಿ’ ಎಂದ ಅಂಗಡಿಯವರು ಮುಟ್ಟಿಯೂ ನೋಡಲಿಲ್ಲ. ಹಾಕಿಸಿದೆ. ತಿಂಗಳೊಳಗೆ ಅದೂ ಮಲಗಿತು. ಇನ್ನೊಬ್ಬ ಮಿಸ್ತ್ರಿ ಸೀಟು ಬಿಚ್ಚಿ, ಗಾಡಿ ಚಾಲೂ ಇಟ್ಟು ಮೀಟರ್ ಹಚ್ಚಿದರು. ಎಕ್ಸಲೇಟರ್ ತಿರುವಿದರೂ ಮುಳ್ಳು 12ರ ಮೇಲೆ ಏರಲೊಲ್ಲದು. ರೆಗ್ಯುಲೇಟರಿನ ಸಾಕೆಟ್ ಕರಗಿ ಕಪ್ಪಾಗಿತ್ತು. ಬ್ಯಾಟರಿಗೆ ಅನ್ನವೇ ಹೋಗುತ್ತಿರಲಿಲ್ಲ, ನಾನು ಹೊಟ್ಟೆ ಬದಲಿಸಿದ್ದೆ!

ಅಂದಿನಿಂದ ಮೀಟರ್ ಹಚ್ಚದೆ ದುಡ್ಡು ಬಿಚ್ಚುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ ಖಾಲಿ. ಎಂಜಿನ್ ಓಡುತ್ತಿರುವಾಗ ಸುಮಾರು 13.5ರಿಂದ 14.5 ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಬ್ಯಾಟರಿಯನ್ನು ಬೇಯಿಸುತ್ತಿದೆ ಎಂದರ್ಥ. ಮೊದಲು ಟರ್ಮಿನಲ್ ನೋಡಿ: ಬಿಳಿ-ಹಸಿರು ಪುಡಿ ಕಟ್ಟಿದ್ದರೆ ವೈರು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಒರೆಸಿ, ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ‘ಸತ್ತ’ ಬ್ಯಾಟರಿಗಳು ಇಷ್ಟಕ್ಕೇ ಎದ್ದಿವೆ. ಮುಚ್ಚಳವಿರುವ ಹಳೆ ಮಾದರಿಗೆ ಡಿಸ್ಟಿಲ್ ವಾಟರ್ ಮಾತ್ರ. ನಲ್ಲಿ ನೀರೂ ಬೇಡ, ಆಸಿಡ್ಡೂ ಬೇಡ. ಸೀಲ್ ಮಾಡಿದ್ದನ್ನು ತೆರೆಯಲೇಬಾರದು. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರಿನಲ್ಲಿ ನಿಧಾನ ಚಾರ್ಜ್ ಸಾಕು. ಕಾರಿನ ದೊಡ್ಡ ಚಾರ್ಜರಿಗೆ ಸಿಕ್ಕಿಸಿ ಒಂದು ತಾಸಿನಲ್ಲಿ ತುಂಬಿಸುವ ಆತುರ ಅದರ ಪ್ರಾಣಕ್ಕೇ ಬರುತ್ತದೆ.

ಹಬ್ಬ ಮುಗಿಸಿ ಪುಣೆ ಬಸ್ಸು ಹತ್ತುವ ತಮ್ಮಂದಿರಿಗೆ ಒಂದು ಮಾತು. ಗಾಡಿಯನ್ನು ತಗಡಿನ ಕೆಳಗಲ್ಲ, ಗೋಡೆಯ ನೆರಳಿಗೆ ನಿಲ್ಲಿಸಿ. ಪಾನಾ ಹಿಡಿದು ಬ್ಯಾಟರಿಯ ಕಪ್ಪು ವೈರನ್ನು ಬಿಚ್ಚಿಡಿ, ಕೆಂಪನ್ನು ಮುಟ್ಟಬೇಡಿ. ಯುಗಾದಿಗೆ ಬಂದು ಮತ್ತೆ ಸೇರಿಸಿದಾಗ ಮೀಟರಿನ ಗಡಿಯಾರ ತಪ್ಪು ಹೊತ್ತು ತೋರಿಸೀತು, ಅಷ್ಟೇ.