ಸ್ಕ್ರೋಲ್ ಸಾ ಯಂತ್ರದ ಆಯ್ಕೆ: ಮರಗೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಕೆಲವು ಸೂಚನೆಗಳು

ಸಿಂಧನೂರು ಎಂದೊಡನೆ ಹೊರಗಿನವರ ನೆನಪಿಗೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ ಮತ್ತು ಅಕ್ಕಿ ಗಿರಣಿಗಳು. ಆದರೆ ಸುಗ್ಗಿಯ ಹಣವು ಮನೆ ಕಟ್ಟುವುದಕ್ಕೆ, ಮದುವೆಗೆ, ಅಂಗಡಿಯ ನವೀಕರಣಕ್ಕೆ ಹರಿದಾಗ ಅದರ ಒಂದು ಪಾಲು ಬಡಗಿಯ ಕೈಯನ್ನೂ ಸೇರುತ್ತದೆ. ಬಾಗಿಲು, ಚೌಕಟ್ಟು, ಮಂಚಗಳ ಜೊತೆಗೆ ದೇವರ ಮಂಟಪದ ಜಾಲರಿ, ಮನೆಯ ನಾಮಫಲಕ, ಮಕ್ಕಳ ಆಟಿಕೆ, ಸನ್ಮಾನದ ಫಲಕ ಮುಂತಾದ ಸಣ್ಣ ನಯಗೆಲಸವನ್ನೂ ಗಿರಾಕಿಗಳು ಕೇಳುವುದುಂಟು. ಇಂತಹ ಕೆಲಸವನ್ನು ಹೊಸದಾಗಿ ಆರಂಭಿಸುವವರಿಗೆ ಹೆಚ್ಚು ಜಾಗ ಬೇಡದ, ಮನೆಯ ಸಾಮಾನ್ಯ ವಿದ್ಯುತ್ತಿನಲ್ಲಿಯೇ ನಡೆಯುವ ಸ್ಕ್ರೋಲ್ ಸಾ ಯಂತ್ರವು ಅನುಕೂಲವಾದುದು. ಆದರೆ ಬೆಲೆಯನ್ನಷ್ಟೇ ನೋಡಿ ಕೊಂಡ ಯಂತ್ರವು ಕೆಲವೇ ವಾರಗಳಲ್ಲಿ ಮೂಲೆ ಸೇರಿದರೆ ಹೂಡಿದ ಬಂಡವಾಳ ನಿಂತುಹೋಗುತ್ತದೆ. ಒಪ್ಪಿಕೊಂಡ ಕೆಲಸವೂ ಕೆಡುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಯಂತ್ರದ ಕೆಲಸವೇನು?

ಸ್ಕ್ರೋಲ್ ಸಾ ಯಂತ್ರದಲ್ಲಿ ಸುಮಾರು 5 ಅಂಗುಲ ಉದ್ದದ ತೆಳುವಾದ ಬ್ಲೇಡು ಮೇಲಿನ ಮತ್ತು ಕೆಳಗಿನ ಎರಡು ತೋಳುಗಳ ನಡುವೆ ಬಿಗಿಯಾಗಿ ನಿಂತು, ಮೇಲೆ ಕೆಳಗೆ ಚಲಿಸುತ್ತದೆ. ಯಂತ್ರ ನಿಂತಲ್ಲಿಯೇ ಇರುತ್ತದೆ. ಕೆಲಸಗಾರನು ಹಲಗೆಯನ್ನು ಮೇಜಿನ ಮೇಲೆ ತಿರುಗಿಸುತ್ತಾ ಗೆರೆಯನ್ನು ಅನುಸರಿಸುತ್ತಾನೆ. ಕೈಯಲ್ಲಿ ಹಿಡಿದು ನಡೆಸುವ ಜಿಗ್ ಸಾ ಯಂತ್ರವು ದೊಡ್ಡ ಹಲಗೆಯನ್ನು ಬೇಗ ಕತ್ತರಿಸುತ್ತದೆಯಾದರೂ ಇಷ್ಟು ಸಣ್ಣ ತಿರುವುಗಳನ್ನು ತೆಗೆಯಲಾರದು. ಮೈಸೂರಿನ ಬೀಟೆಮರದ ಕೆತ್ತು ಜೋಡಣೆ ಕಲೆಯಲ್ಲಿ ಕುಶಲಕರ್ಮಿಗಳು ಹೂವು, ಆನೆ, ಮಾನವಾಕೃತಿಗಳ ತುಣುಕುಗಳನ್ನು ಸಣ್ಣ ಬ್ಲೇಡಿನ ಕೈಗರಗಸದಿಂದ ಬಿಡಿಸುತ್ತಾರೆ. ಸ್ಕ್ರೋಲ್ ಸಾ ಅದೇ ಗರಗಸದ ಯಂತ್ರರೂಪವೆನ್ನಬಹುದು.

ಗಣಕದಿಂದ ನಡೆಯುವ ಸಿ.ಎನ್.ಸಿ. ರೂಟರ್ ಮತ್ತು ಲೇಸರ್ ಯಂತ್ರಗಳಿರುವಾಗ ಇದು ಏಕೆ ಬೇಕು ಎಂಬ ಪ್ರಶ್ನೆ ಸಹಜ. ಒಂದೇ ಮಾದರಿಯ ನೂರು ಜಾಲರಿಗಳ ಆರ್ಡರು ಬಂದರೆ ಸಿ.ಎನ್.ಸಿ. ಯಂತ್ರವೇ ಲಾಭದಾಯಕ. ಆದರೆ ತಿರುಗುವ ಬಿಟ್ ಒಳಮೂಲೆಗಳನ್ನು ದುಂಡಗೆ ಬಿಡುತ್ತದೆ. ಲೇಸರ್ ಮರದ ಅಂಚನ್ನು ಕಪ್ಪಾಗಿಸುತ್ತದೆ. ಒಂದೆರಡು ನಗಗಳ ಕೆಲಸ, ಚೂಪಾದ ಒಳಮೂಲೆ, ಸ್ವಚ್ಛ ಅಂಚು ಬೇಕಾದಲ್ಲಿ ಸ್ಕ್ರೋಲ್ ಸಾ ಯಂತ್ರಕ್ಕೆ ಇಂದಿಗೂ ಸ್ಥಾನವಿದೆ.

ಮೊದಲ ಪರೀಕ್ಷೆ: ಸೊನ್ನೆ

ಬ್ಲೇಡುಗಳಲ್ಲಿ ಎರಡು ಬಗೆ. ಒಂದರ ಎರಡೂ ತುದಿಗಳಲ್ಲಿ ಅಡ್ಡ ಪಿನ್ನು ಇರುತ್ತದೆ. ಇನ್ನೊಂದರ ತುದಿ ಸಪಾಟಾಗಿರುತ್ತದೆ, ಅದನ್ನು ಸ್ಕ್ರೂ ಇರುವ ಹಿಡಿಕೆಯಲ್ಲಿ ಬಿಗಿಯಬೇಕು. ಪಿನ್ನಿನ ಬ್ಲೇಡನ್ನು ಜೋಡಿಸುವುದು ಸುಲಭವಾದ್ದರಿಂದ ಕಡಿಮೆ ಬೆಲೆಯ ಕೆಲವು ಯಂತ್ರಗಳು ಅದನ್ನು ಮಾತ್ರ ಸ್ವೀಕರಿಸುತ್ತವೆ. ತೊಂದರೆ ಆರಂಭವಾಗುವುದು ಇಲ್ಲಿಯೇ.

ಹಲಗೆಯ ಒಳಭಾಗವನ್ನು ಕತ್ತರಿಸಬೇಕಾದರೆ ಮೊದಲು ರಂಧ್ರ ಕೊರೆದು, ಬ್ಲೇಡಿನ ಒಂದು ತುದಿಯನ್ನು ಬಿಚ್ಚಿ, ರಂಧ್ರದ ಮೂಲಕ ತೂರಿಸಿ, ಮತ್ತೆ ಬಿಗಿಯಬೇಕು. ಪಿನ್ನು ತೂರಲು ಸುಮಾರು 5 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ದೊಡ್ಡ ರಂಧ್ರ ಬೇಕು. ಸಪಾಟು ತುದಿಯ ಸಣ್ಣ ಬ್ಲೇಡಿಗೆ 1.5 ಮಿಲಿಮೀಟರ್ ಸಾಕು. ಕನ್ನಡ ಲಿಪಿಯು ದುಂಡಗಿನದು, ಸುರುಳಿಗಳಿಂದ ಕೂಡಿದ್ದು. ‘ಸಿಂಧನೂರು’ ಎಂಬ ಹೆಸರನ್ನೇ ಎರಡು ಅಂಗುಲ ಎತ್ತರದ ಅಕ್ಷರಗಳಲ್ಲಿ ಬಿಡಿಸಿ ನೋಡಿರಿ. ಅದರಲ್ಲಿನ ಸೊನ್ನೆಯ ಒಳಗಿನ ಬಯಲು ಪಿನ್ನಿಗೆ ಬೇಕಾದ ರಂಧ್ರಕ್ಕಿಂತ ಅಷ್ಟೇನೂ ದೊಡ್ಡದಾಗಿರುವುದಿಲ್ಲ. ಪಿನ್ನಿನ ಬ್ಲೇಡಿನಿಂದ ಇಂತಹ ಸೊನ್ನೆಯನ್ನು ಅಂದವಾಗಿ ತೆಗೆಯುವುದು ಕಷ್ಟ. ನಾಮಫಲಕ ಮಾಡುವ ಉದ್ದೇಶವಿರುವವರು ಸಪಾಟು ಬ್ಲೇಡನ್ನು ಹಿಡಿಯುವ ಯಂತ್ರವನ್ನೇ ಆರಿಸಬೇಕು. ಎರಡೂ ಬಗೆಯನ್ನು ಹಿಡಿಯುವ ಯಂತ್ರಗಳೂ ಉಂಟು. ಜಾಲರಿ ಕೆಲಸದಲ್ಲಿ ಒಂದೇ ಹಲಗೆಗೆ ಹಲವಾರು ಬಾರಿ ಬ್ಲೇಡು ಬಿಚ್ಚಿ ಕಟ್ಟಬೇಕಾಗುವುದರಿಂದ, ಯಾವ ಉಪಕರಣವೂ ಇಲ್ಲದೆ ಬೆರಳಿನಿಂದಲೇ ತಿರುಗಿಸಬಹುದಾದ ಹಿಡಿಕೆ ಇದ್ದರೆ ಸಮಯ ಉಳಿಯುತ್ತದೆ.

ಕಂಪನ, ವೇಗ ಮತ್ತು ಅಳತೆ

ಎರಡನೆಯ ಮುಖ್ಯ ಅಂಶ ಕಂಪನ. ಯಂತ್ರ ನಡುಗಿದರೆ ಗೆರೆ ತಪ್ಪುತ್ತದೆ, ಕೈ ಸೋಲುತ್ತದೆ. ಎರಕದ ಕಬ್ಬಿಣದ ಭಾರವಾದ ತಳವುಳ್ಳ ಯಂತ್ರ ಸಾಮಾನ್ಯವಾಗಿ ಕಡಿಮೆ ನಡುಗುತ್ತದೆ. ಅಂಗಡಿಯಲ್ಲಿ ಯಂತ್ರವನ್ನು ಗಟ್ಟಿ ಮೇಜಿನ ಮೇಲೆ ಇರಿಸಿ, ಓಡಿಸಿ, ಅದರ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಬಹುದು. ನಾಣ್ಯ ನಿಂತರೆ ಒಳ್ಳೆಯ ಲಕ್ಷಣ. ಹಳೆಯ ಯಂತ್ರ ಕೊಳ್ಳುವವರು ತೋಳುಗಳನ್ನು ಕೈಯಿಂದ ಅಕ್ಕಪಕ್ಕಕ್ಕೆ ಅಲುಗಿಸಿ, ಬೇರಿಂಗಿನಲ್ಲಿ ಸಡಿಲವಿದೆಯೇ ಎಂದು ಪರೀಕ್ಷಿಸಬೇಕು.

ವೇಗವನ್ನು ಬದಲಿಸುವ ಸೌಲಭ್ಯ ಅವಶ್ಯಕ. ನಿಮಿಷಕ್ಕೆ ಸುಮಾರು 400ರಿಂದ 1,600 ಹೊಡೆತಗಳವರೆಗೆ ಹೊಂದಿಸಬಹುದಾದರೆ ಅನುಕೂಲ. ಮೆತ್ತನೆಯ ಮರಕ್ಕೆ ಹೆಚ್ಚಿನ ವೇಗ ನಡೆಯುತ್ತದೆ. ಪ್ಲಾಸ್ಟಿಕ್ ಹಾಳೆ ಹೆಚ್ಚಿನ ವೇಗದಲ್ಲಿ ಕರಗಿ ಬ್ಲೇಡಿಗೆ ಅಂಟಿಕೊಳ್ಳುತ್ತದೆ. ಬ್ಲೇಡಿನಿಂದ ಹಿಂಬದಿಯ ಕಂಬದವರೆಗಿನ ಅಂತರವೇ ಯಂತ್ರದ ಅಳತೆ. ಆರಂಭಿಕರಿಗೆ 16 ಅಂಗುಲ ಸಾಕು. ಇಂತಹ ಯಂತ್ರಗಳು ಸಾಮಾನ್ಯವಾಗಿ 2 ಅಂಗುಲ ದಪ್ಪದವರೆಗೆ ಕತ್ತರಿಸುತ್ತವೆಯೆಂದು ತಯಾರಕರು ಸೂಚಿಸಿದರೂ, ದಿನನಿತ್ಯದ ಕೆಲಸವು 6ರಿಂದ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಅಥವಾ ಸಾಗವಾನಿಯಲ್ಲಿಯೇ ನಡೆಯುವುದು ಹೆಚ್ಚು.

ವಿದ್ಯುತ್ತು ಮತ್ತು ಬಿಡಿಭಾಗಗಳು

ಯಂತ್ರವು ನಮ್ಮ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ತಯಾರಾದುದೇ ಎಂದು ಫಲಕದ ಮೇಲೆ ಓದಿಕೊಳ್ಳಬೇಕು. ಹೊರದೇಶದ ಮಾರುಕಟ್ಟೆಗಾಗಿ ತಯಾರಾದ ಕೆಲವು ಮಾದರಿಗಳು 110ರಿಂದ 120 ವೋಲ್ಟಿನವು. ವೇಗ ನಿಯಂತ್ರಣದ ಎಲೆಕ್ಟ್ರಾನಿಕ್ ಹಲಗೆಯು ವೋಲ್ಟೇಜಿನ ಏರಿಳಿತಕ್ಕೆ ಬೇಗ ಕೆಡುವಂತಹದು. ಏರಿಳಿತ ಹೆಚ್ಚಿರುವ ಕಡೆ ಸ್ಟೆಬಿಲೈಸರ್ ಅಳವಡಿಸುವುದು ಲೇಸು.

ಮಾರಾಟಗಾರರನ್ನು ಮೂರು ಪ್ರಶ್ನೆ ಕೇಳಬೇಕು: ಬ್ಲೇಡು ಹಿಡಿಯುವ ಹಿಡಿಕೆ ಬಿಡಿಯಾಗಿ ದೊರೆಯುವುದೇ? ದುರಸ್ತಿ ಎಲ್ಲಿ, ಎಷ್ಟು ದಿನಗಳಲ್ಲಿ? ಬ್ಲೇಡುಗಳು ಸದಾ ದಾಸ್ತಾನಿರುವುವೇ? ತಿಂಗಳುಗಟ್ಟಲೆ ಒಂದು ಬಿಡಿಭಾಗಕ್ಕೆ ಕಾಯುವಂತಾದರೆ ಯಂತ್ರದ ಬೆಲೆಯಲ್ಲಿ ಉಳಿಸಿದ ಹಣ ಅಲ್ಲಿಯೇ ಹೋಗುತ್ತದೆ. ಜಿ.ಎಸ್.ಟಿ. ನೋಂದಣಿಯುಳ್ಳ ಸದಸ್ಯರು ತಮ್ಮ ಸಂಖ್ಯೆ ನಮೂದಿಸಿದ ತೆರಿಗೆ ರಸೀದಿಯನ್ನೇ ಪಡೆಯಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರಿಗೆ ತೆರಿಗೆ ಜಮೆಯ ಸೌಲಭ್ಯವಿಲ್ಲದ್ದರಿಂದ ಪೂರ್ಣ ಬೆಲೆಯನ್ನೇ ಲೆಕ್ಕ ಹಿಡಿಯಬೇಕು.

ಬ್ಲೇಡು ಮತ್ತು ಕಲಿಕೆ

ಬ್ಲೇಡು ಖರ್ಚಾಗುವ ವಸ್ತು. ಡಜನ್ ಲೆಕ್ಕದಲ್ಲಿ ಕೊಳ್ಳಬೇಕು. ಸಂಖ್ಯೆ ಹೆಚ್ಚಿದಂತೆ ಬ್ಲೇಡು ದಪ್ಪವಾಗುತ್ತದೆ. 5ನೆಯ ಸಂಖ್ಯೆಯ ಬ್ಲೇಡಿನಿಂದ ಕಲಿಕೆ ಆರಂಭಿಸುವುದು ಸೂಕ್ತ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡು ಬಳಸಿದರೆ ಪ್ಲೈವುಡ್ಡಿನ ಅಡಿಭಾಗ ಸಿಬಿರೇಳುವುದು ಕಡಿಮೆಯಾಗುತ್ತದೆ. ಸರಿಯಾಗಿ ಬಿಗಿದ ಬ್ಲೇಡನ್ನು ಮೀಟಿದರೆ ತಂತಿಯಂತೆ ಸ್ಪಷ್ಟವಾಗಿ ನುಡಿಯಬೇಕು. ಅನೇಕ ಬ್ಲೇಡುಗಳು ಗೆರೆಯಿಂದ ಸ್ವಲ್ಪ ಬಲಕ್ಕೆ ಎಳೆಯುತ್ತವೆ. ಇದು ಯಂತ್ರದ ದೋಷವಲ್ಲ. ತಯಾರಿಕೆಯಲ್ಲಿ ಬ್ಲೇಡಿನ ಒಂದು ಬದಿಯಲ್ಲಿ ಉಳಿಯುವ ಒರಟು ಅಂಚಿನ ಫಲ. ಹಲಗೆಯನ್ನು ಕೊಂಚ ಓರೆಯಾಗಿ ನೂಕುವ ಅಭ್ಯಾಸ ಕೆಲವೇ ದಿನಗಳಲ್ಲಿ ಬರುತ್ತದೆ.

ಧೂಳಿನ ವಿಷಯದಲ್ಲಿ ಉದಾಸೀನ ಸಲ್ಲದು. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಯಂತ್ರದ ಗಾಳಿಯ ಕೊಳವೆ ಗೆರೆಯ ಮೇಲಿನ ಧೂಳನ್ನು ಊದಿ ತೆಗೆಯುತ್ತದೆಯೇ ಹೊರತು ಉಸಿರಿಗೆ ರಕ್ಷಣೆ ನೀಡದು. ಮುಖಗವಸು, ಕನ್ನಡಕ, ಗಾಳಿಯಾಡುವ ಸ್ಥಳ ಕಡ್ಡಾಯವೆಂದು ಭಾವಿಸಬೇಕು.

ಸಾಲ ಮತ್ತು ನಿಯಮ

2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಆಟಿಕೆ ತಯಾರಿಕೆಯೂ ಸೇರಿವೆ. ಅರ್ಹರಿಗೆ ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವು, ಜಾಮೀನಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ ಹಾಗೂ ನಂತರ 2 ಲಕ್ಷ ರೂಪಾಯಿಗಳವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ದೊರೆಯುವ ಅವಕಾಶವಿದೆ.

ಆಟಿಕೆ ಮಾಡುವವರು ಇನ್ನೊಂದನ್ನು ಅರಿತಿರಬೇಕು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ಸ್ವತಃ ತಯಾರಿಸಿ ಮಾರುವ ವಸ್ತುಗಳಿಗೂ, ಭೌಗೋಳಿಕ ಸೂಚ್ಯಂಕದ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೂ ವಿನಾಯಿತಿಯಿದೆ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಬೊಂಬೆಗಳು ಅಂತಹ ಸೂಚ್ಯಂಕ ಪಡೆದಿವೆ. ಇತರರು ಈ ನಿಯಮವನ್ನು ಗಮನಿಸಿಯೇ ಆಟಿಕೆಯ ಆರ್ಡರು ಒಪ್ಪಿಕೊಳ್ಳಬೇಕು.

ಕೊನೆಯ ಮಾತು

ಯಂತ್ರ ನೋಡಲು ಹೋಗುವಾಗ 12 ಮಿಲಿಮೀಟರ್ ಪ್ಲೈವುಡ್ ತುಂಡೊಂದರ ಮೇಲೆ ನಿಮ್ಮ ಊರಿನ ಹೆಸರನ್ನು ಬರೆದುಕೊಂಡು ಹೋಗಿರಿ. ಹೆಸರಿನಲ್ಲಿ ಸೊನ್ನೆ ಇದ್ದರೆ ಮತ್ತೂ ಒಳ್ಳೆಯದು. ಮಸ್ಕಿಯವರು ತಮ್ಮ ಅಂಗಡಿಯ ಹೆಸರಿನಿಂದ ಒಂದನ್ನು ಹುಡುಕಿಕೊಳ್ಳಬಹುದು. ಅದನ್ನು ನಿಮ್ಮ ಕೈಯಿಂದಲೇ ಕತ್ತರಿಸಿ ನೋಡಿದ ನಂತರ ಬೆಲೆಯ ಮಾತಾಡಿರಿ. ಪರೀಕ್ಷೆಗೆ ಅವಕಾಶ ಕೊಡದ ಕಡೆ ಅವಸರದಿಂದ ಕೊಳ್ಳುವುದಕ್ಕಿಂತ ಇನ್ನೊಂದು ಅಂಗಡಿಯನ್ನು ನೋಡುವುದೇ ಸೂಕ್ತ.