ಬೆನ್ನುನೋವಿನ ಕಡತದಲ್ಲಿ ಸಿಕ್ಕ ಸಾವುಗಳು

ಅಮೆರಿಕದ ವಾಯವ್ಯ ಮೂಲೆಯಲ್ಲಿ, ಸಿಯಾಟಲ್ ನಗರವಿರುವ ವಾಷಿಂಗ್ಟನ್ ರಾಜ್ಯದಲ್ಲಿ, ಕೆಲಸದ ಮೇಲಿದ್ದಾಗ ಪೆಟ್ಟಾದರೆ ಚಿಕಿತ್ಸೆಯ ಬಿಲ್ಲು ಖಾಸಗಿ ವಿಮಾ ಕಂಪನಿಗೆ ಹೋಗುವುದಿಲ್ಲ. ಕೆಲವು ದೊಡ್ಡ ಉದ್ದಿಮೆಗಳು ತಮ್ಮವರ ಹೊಣೆಯನ್ನು ತಾವೇ ಹೊರುತ್ತವೆ. ಉಳಿದವರಿಗೆ, ಅಂದರೆ ರಾಜ್ಯದ ಸುಮಾರು ಮೂರರಲ್ಲಿ ಎರಡು ಪಾಲು ಕಾರ್ಮಿಕರಿಗೆ, ಸರ್ಕಾರದ ಕಾರ್ಮಿಕ ಮತ್ತು ಕೈಗಾರಿಕಾ ಇಲಾಖೆಯೇ ವಿಮಾದಾರ. ನಮ್ಮ ಇಎಸ್‌ಐಯನ್ನು ಮನಸ್ಸಿಗೆ ತಂದುಕೊಂಡರೆ ಒಂದು ಅಂದಾಜು ಸಿಗುತ್ತದೆ. ಮರ ಕಡಿಯುವವರೋ ಗಾರೆ ಕೆಲಸದವರೋ ಬೆನ್ನು ಉಳುಕಿಸಿಕೊಂಡರೆ ವೈದ್ಯರ ಭೇಟಿ, ಎಕ್ಸ್‌ರೇ, ಔಷಧದ ಅಂಗಡಿಯಲ್ಲಿ ಪಡೆದ ಒಂದೊಂದು ಮಾತ್ರೆ, ಎಲ್ಲದರ ಲೆಕ್ಕವೂ ಆ ಒಂದೇ ಇಲಾಖೆಗೆ ಬಂದು ಸೇರುತ್ತದೆ. ವೈದ್ಯರೇ ಬರೆದುಕೊಟ್ಟ ನೋವಿನ ಮಾತ್ರೆಗಳಿಂದ ಜನ ಸಾಯುತ್ತಿದ್ದಾರೆಂಬುದು ಅಮೆರಿಕದಲ್ಲಿ ಮೊದಮೊದಲು ಬಯಲಾದ ಜಾಗಗಳಲ್ಲಿ ಈ ಕಚೇರಿಯೂ ಒಂದಾಯಿತು. ಲೆಕ್ಕವೆಲ್ಲ ಒಂದೇ ಕಡೆ ಇದ್ದದ್ದೇ ಅದಕ್ಕೆ ಮುಖ್ಯ ಕಾರಣ.

2001ರ ಸುಮಾರಿಗೆ ಇಲಾಖೆಯ ಫಾರ್ಮಸಿಸ್ಟ್ ಜೇಮಿ ಮಾಯ್ ಅವರ ಮೇಜಿಗೆ ಬರುತ್ತಿದ್ದ ಕಡತಗಳಲ್ಲಿ ಕೆಲವು ಅಸಹಜವಾಗಿ ಕಂಡವು. ಬೆನ್ನು ಉಳುಕಿದೆ, ಮಣಿಕಟ್ಟು ನೋಯುತ್ತದೆ ಎಂದು ಕ್ಲೇಮು ಹಾಕಿದವರು ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದರು. ಉಳುಕಿನಿಂದ ಯಾರೂ ಸಾಯುವುದಿಲ್ಲ. ವಯಸ್ಸು ನೋಡಿದರೆ ಸಾಯುವ ವಯಸ್ಸೂ ಅಲ್ಲ, ದುಡಿಯುವ ಪ್ರಾಯ. ಮಾಯ್ ಅವರು ಕಡತಗಳನ್ನು ಇಲಾಖೆಯ ವೈದ್ಯಕೀಯ ನಿರ್ದೇಶಕ ಗ್ಯಾರಿ ಫ್ರಾಂಕ್ಲಿನ್ ಅವರ ಮುಂದಿಟ್ಟರು. ಫ್ರಾಂಕ್ಲಿನ್ ನರರೋಗ ತಜ್ಞರು, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರೂ ಹೌದು. ಪೆಟ್ಟಿನಿಂದ ಸುಧಾರಿಸಿಕೊಂಡು ಕೆಲಸಕ್ಕೆ ಮರಳಬೇಕಾದವರು ತಮ್ಮದೇ ಇಲಾಖೆ ದುಡ್ಡು ಕೊಟ್ಟ ಮಾತ್ರೆಯಿಂದ ಸತ್ತಿದ್ದಾರೆ ಎಂಬುದು ಅವರನ್ನು ಬಹಳವಾಗಿ ಕಲಕಿತು; ಆ ಸಂಕಟವನ್ನು ಅವರು ಮುಂದೆ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಹಾಗಾದರೆ ಇಷ್ಟು ದಿನ ಇದು ಯಾರ ಕಣ್ಣಿಗೂ ಏಕೆ ಬೀಳಲಿಲ್ಲ? ಸಾವಿನ ಲೆಕ್ಕ ಬರೆಯುವ ಕ್ರಮವನ್ನು ನೋಡಿದರೆ ಉತ್ತರ ಸಿಗುತ್ತದೆ. ಮನೆಯಲ್ಲಿ ಮಲಗಿದ್ದವರು ಬೆಳಿಗ್ಗೆ ಏಳದಿದ್ದರೆ ಅಂಥ ಸಾವು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಕರೋನರ್ ಕೈಗೆ ಹೋಗುತ್ತದೆ; ಸಾವಿನ ಕಾರಣ ನಿರ್ಧರಿಸುವ ಅಧಿಕಾರಿ ಅವರು. ಆ ಕಾಲದ ವಾಷಿಂಗ್ಟನ್ನಿನಲ್ಲಿ ಕರೋನರ್ ಎಂದರೆ ಎಲ್ಲೆಡೆಯೂ ವೈದ್ಯರೇನಲ್ಲ. ಸಣ್ಣ ಕೌಂಟಿಗಳಲ್ಲಿ ಸರ್ಕಾರಿ ವಕೀಲರೇ ಆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಮರಣ ಪ್ರಮಾಣಪತ್ರದಲ್ಲಿ ‘ಆಕಸ್ಮಿಕ ವಿಷಪ್ರಾಶನ’ ಎಂದೋ ‘ಹಲವು ಔಷಧಗಳ ಸೇವನೆ’ ಎಂದೋ ಬರೆದರೆ ಅಲ್ಲಿಗೆ ಕಡತ ಮುಗಿಯಿತು. ಯಾವ ಔಷಧ, ಎಷ್ಟು, ಬರೆದುಕೊಟ್ಟವರು ಯಾರು ಎಂಬುದು ಆ ಹಾಳೆಯಲ್ಲಿ ಇರುತ್ತಿರಲಿಲ್ಲ. ಇಂಥ ಹಾಳೆಗಳು ರಾಷ್ಟ್ರದ ಒಟ್ಟು ಲೆಕ್ಕಕ್ಕೆ ಸೇರಿ ಅಂಕಿಯಾಗಿ ಹೊರಬರುವಷ್ಟರಲ್ಲಿ ಒಂದೆರಡು ವರ್ಷ ಕಳೆದಿರುತ್ತಿತ್ತು. ಅದನ್ನು ನೋಡಿದವರಿಗೆ ಕಾಣುತ್ತಿದ್ದದ್ದು ‘ವಿಷದಿಂದ ಸತ್ತವರು ಹೆಚ್ಚಿದ್ದಾರೆ’ ಎಂಬ ಒಂದು ಸಾಲು. ಹೆರಾಯಿನ್ ಇರಬಹುದು, ಕೊಕೇನ್ ಇರಬಹುದು ಎಂದುಕೊಳ್ಳುವುದು ಸುಲಭವಾಗಿತ್ತು.

ಮಾಯ್ ಮತ್ತು ಫ್ರಾಂಕ್ಲಿನ್ ಮಾಡಿದ ಕೆಲಸಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಕ್ಲೇಮು ಹಾಕಿದವರ ಹೆಸರುಗಳನ್ನು ರಾಜ್ಯದ ಮರಣ ದಾಖಲೆಗಳ ಜೊತೆ ತಾಳೆ ನೋಡಿದರು. ಹೊಂದಿಕೆಯಾದ ಹೆಸರುಗಳಿಗೆ ಮರಣೋತ್ತರ ಪರೀಕ್ಷೆಯ ವರದಿ, ರಕ್ತದಲ್ಲಿ ಸಿಕ್ಕ ಔಷಧದ ವಿವರ, ಸಾಯುವ ಮುನ್ನ ಪಡೆದ ಔಷಧ ಚೀಟಿಗಳ ಲೆಕ್ಕವನ್ನು ಜೋಡಿಸಿದರು. ಸಂಶಯವಿದ್ದುದನ್ನು ಪಕ್ಕಕ್ಕಿಟ್ಟರು. 2005ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, 1995ರಿಂದ 2002ರ ನಡುವೆ ಒಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ನೋವಿನ ಮಾತ್ರೆಗಳ ಆಕಸ್ಮಿಕ ಓವರ್‌ಡೋಸಿನಿಂದ ಖಚಿತವಾಗಿಯೋ ಬಹುಮಟ್ಟಿಗೆ ಖಚಿತವಾಗಿಯೋ ಸತ್ತವರೆಂದು ಉಳಿದವರು 32 ಮಂದಿ. ನೂರಕ್ಕೆ 84 ಮಂದಿ ಗಂಡಸರು.

ಮೂವತ್ತೆರಡು ದೊಡ್ಡ ಸಂಖ್ಯೆಯೇ ಎಂದು ಕೇಳುವವರು ಆಗಲೂ ಇದ್ದಿರಬಹುದು. ಆದರೆ ಅದೇ ಪ್ರಬಂಧದ ಇನ್ನೊಂದು ಲೆಕ್ಕ ಈ ಸಾವುಗಳ ದಾರಿಯನ್ನೇ ತೋರಿಸಿತು. ಆರು ವರ್ಷಗಳಲ್ಲಿ ಒಪಿಯಾಯ್ಡ್ ಚೀಟಿಗಳ ಸಂಖ್ಯೆ ಅಷ್ಟೇನೂ ಏರಿರಲಿಲ್ಲ. ಏರಿದ್ದು ಅವುಗಳ ತೀವ್ರತೆ. ಅತ್ಯಂತ ಪ್ರಬಲ ವರ್ಗದ ಮಾತ್ರೆಗಳ ಪಾಲು 1996ರಲ್ಲಿ ನೂರಕ್ಕೆ 19.3 ಇದ್ದದ್ದು 2002ಕ್ಕೆ 37.2 ಆಗಿತ್ತು. ದೀರ್ಘಕಾಲ ಕೆಲಸ ಮಾಡುವ ಮಾತ್ರೆಗಳ ದಿನದ ಸರಾಸರಿ ಪ್ರಮಾಣ ಅರ್ಧದಷ್ಟು ಹೆಚ್ಚಿ 132 ಮಿಲಿಗ್ರಾಂ ಮುಟ್ಟಿತ್ತು.

ಈ ಮಿಲಿಗ್ರಾಂ ಲೆಕ್ಕ ಸ್ವಲ್ಪ ಬಿಡಿಸಿ ನೋಡುವಂಥದು. ಒಪಿಯಾಯ್ಡ್ ಔಷಧಗಳು ಹತ್ತಾರು. ಒಂದರ ಬಲ ಇನ್ನೊಂದಕ್ಕಿಲ್ಲ. ಹಾಗಾಗಿ ಎಲ್ಲವನ್ನೂ ಮಾರ್ಫೀನಿನ ಅಳತೆಗೆ ಇಳಿಸಿ ಕೂಡುತ್ತಾರೆ. ಆಕ್ಸಿಕೊಡೋನ್ ಮಾರ್ಫೀನಿಗಿಂತ ಒಂದೂವರೆ ಪಟ್ಟು ಬಲವುಳ್ಳದ್ದು. ಅದೇ ಔಷಧವಿರುವ, 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ನಿನ 80 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದರೆ 160 ಮಿಲಿಗ್ರಾಂ. ಮಾರ್ಫೀನಿನ ಅಳತೆಯಲ್ಲಿ 240. ಚೀಟಿಯಲ್ಲಿ ಕಾಣುವುದು ದಿನಕ್ಕೆ ಎರಡೇ ಮಾತ್ರೆ.

ಒಪಿಯಾಯ್ಡ್ ಕೊಲ್ಲುವುದು ಉಸಿರು ನಿಲ್ಲಿಸಿ. ಮಿದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ನರಕೋಶಗಳನ್ನು ಅದು ಮಂಕಾಗಿಸುತ್ತದೆ. ನೋವು ಕಡಿಮೆ ಮಾಡುವ ಗುಣಕ್ಕೆ ದೇಹ ಬೇಗ ಒಗ್ಗಿಹೋಗುವುದರಿಂದ ಮೊದಲಿನ ಹಿತಕ್ಕಾಗಿ ಪ್ರಮಾಣ ಏರಿಸಬೇಕಾಗುತ್ತದೆ. ಆದರೆ ಉಸಿರಾಟವನ್ನು ಅದುಮುವ ಗುಣಕ್ಕೆ ದೇಹ ಅದೇ ವೇಗದಲ್ಲಿ ಒಗ್ಗುವುದಿಲ್ಲ. ನೋವು ತಗ್ಗಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವಿನ ಅಂತರ ದಿನೇ ದಿನೇ ಕಿರಿದಾಗುತ್ತದೆ. ಒಂದು ರಾತ್ರಿ ನಿದ್ದೆ ಮಾತ್ರೆಯೋ ಸ್ವಲ್ಪ ಮದ್ಯವೋ ಜೊತೆಗೆ ಸೇರಿದರೆ ಸಾಕು. ಸಾಯುವವರು ಚೀಟಿಯನ್ನು ಮೀರಿರಬೇಕೆಂದೇನಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸತ್ತವರನ್ನು ‘ಚಟದವರು’ ಎಂದು ಕರೆದು ಕೈತೊಳೆದುಕೊಳ್ಳುವುದು ಆಗ ಎಲ್ಲರಿಗೂ ಅನುಕೂಲವಾಗಿತ್ತು.

ಪ್ರಮಾಣ ಏರಿದ್ದು ಏಕೆಂಬುದಕ್ಕೂ ಉತ್ತರದ ಒಂದು ಪಾಲು ರಾಜ್ಯದೊಳಗೇ ಇತ್ತು. ದೀರ್ಘಕಾಲದ ನೋವಿಗೆ ಒಪಿಯಾಯ್ಡ್ ಕೊಡಲು ಹಿಂಜರಿಯಬಾರದು, ಪ್ರಮಾಣಕ್ಕೆ ಮೇಲ್ಮಿತಿ ಎಂಬುದಿಲ್ಲ ಎಂಬ ಬೋಧನೆ 1990ರ ದಶಕದಲ್ಲಿ ಅಮೆರಿಕದ ಉದ್ದಗಲಕ್ಕೂ ನಡೆಯಿತು. ವಾಷಿಂಗ್ಟನ್ ಅದನ್ನು ನಿಯಮವಾಗಿಯೇ ಮಾಡಿಕೊಂಡಿತ್ತು: ಎಷ್ಟು ಒಪಿಯಾಯ್ಡ್ ಬರೆದರು ಎಂಬ ಒಂದೇ ಕಾರಣಕ್ಕೆ ವೈದ್ಯರ ಮೇಲೆ ಶಿಸ್ತುಕ್ರಮ ಜರುಗಿಸುವಂತಿಲ್ಲ ಎಂದು. ನೋವುಂಡವರ ಮೇಲಿನ ಕರುಣೆಯಿಂದಲೇ ಅದನ್ನು ಒಪ್ಪಿದ ವೈದ್ಯರು ಬಹಳ ಮಂದಿ. ಆಕ್ಸಿಕಾಂಟಿನ್ ತಯಾರಿಸಿದ ಪರ್ಡ್ಯೂ ಕಂಪನಿಯ ವಿಷಯ ಬೇರೆ. ಮಾತ್ರೆಯ ಅಪಾಯವನ್ನು ತಗ್ಗಿಸಿ ಪ್ರಚಾರ ಮಾಡಿದ ತಪ್ಪನ್ನು ಅದು 2007ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು.

ಅದೇ 2007ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಇಲಾಖೆಗಳ ವೈದ್ಯಕೀಯ ನಿರ್ದೇಶಕರೆಲ್ಲ ಸೇರಿ, ನೋವು ಚಿಕಿತ್ಸಕರನ್ನೂ ಕೂರಿಸಿಕೊಂಡು, ಒಂದು ಮಾರ್ಗಸೂಚಿ ಹೊರತಂದರು. ಅದರ ತಿರುಳು ಒಂದು ಸಂಖ್ಯೆ. ದಿನಕ್ಕೆ ಮಾರ್ಫೀನಿನ ಅಳತೆಯಲ್ಲಿ 120 ಮಿಲಿಗ್ರಾಂ ದಾಟಿಸುವ ಮುನ್ನ, ರೋಗಿಯ ನೋವೂ ಓಡಾಟವೂ ಸುಧಾರಿಸದಿದ್ದರೆ, ನೋವಿನ ತಜ್ಞರೊಬ್ಬರನ್ನು ಕೇಳಿ. ನಿಷೇಧವಲ್ಲ, ನಿಂತು ಯೋಚಿಸುವ ಒಂದು ಗೆರೆ. ಬೇರೆ ಬೇರೆ ಮಾತ್ರೆಗಳನ್ನು ಮಾರ್ಫೀನಿನ ಅಳತೆಗೆ ಕೂಡಿಸಿಕೊಡುವ ಕ್ಯಾಲ್ಕುಲೇಟರನ್ನೂ ಉಚಿತವಾಗಿ ಕೊಟ್ಟರು. ಮೇಲ್ಮಿತಿಯೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಹೀಗೆ ಒಂದು ಅಂಕಿಯನ್ನು ಬರೆದಿಡಲು ಧೈರ್ಯ ಬೇಕಿತ್ತು. ಅದಕ್ಕೆ ವಿರೋಧವೂ ಬಂತು. ಫ್ರಾಂಕ್ಲಿನ್ ತಂಡ 2012ರಲ್ಲಿ ಮತ್ತೆ ತಮ್ಮದೇ ಕಡತಗಳನ್ನು ತೆಗೆದು ನೋಡಿದಾಗ, 120ಕ್ಕಿಂತ ಹೆಚ್ಚು ಪಡೆಯುತ್ತಿದ್ದ ಕಾರ್ಮಿಕರ ಪಾಲು ನೂರಕ್ಕೆ 35ರಷ್ಟು ಇಳಿದಿತ್ತು. 2009ರಿಂದ 2010ಕ್ಕೆ ಒಪಿಯಾಯ್ಡಿನಿಂದಾಗುವ ಸಾವುಗಳು ಅರ್ಧಕ್ಕೆ ಬಂದಿದ್ದವು.

ಪ್ರಮಾಣಕ್ಕೂ ಅಪಾಯಕ್ಕೂ ನಂಟಿದೆಯೆಂಬುದಕ್ಕೆ ಬೇರೆ ಕಡೆಯಿಂದ ಸಾಕ್ಷಿ ಬೇಕಿತ್ತಲ್ಲ, ಅದೂ ಸಿಯಾಟಲ್ಲಿನಲ್ಲೇ ಸಿಕ್ಕಿತು. ಗ್ರೂಪ್ ಹೆಲ್ತ್ ಎಂಬ ಸಹಕಾರಿ ಆರೋಗ್ಯ ಸಂಸ್ಥೆಯ 9,940 ರೋಗಿಗಳ ದಾಖಲೆಗಳನ್ನು ನೋಡಿದ ಅಧ್ಯಯನ 2010ರಲ್ಲಿ ಬಂತು. ದಿನಕ್ಕೆ 100 ಮಿಲಿಗ್ರಾಂ ಅಥವಾ ಹೆಚ್ಚು ಪಡೆಯುವವರಿಗೆ, 20ರೊಳಗೆ ಪಡೆಯುವವರಿಗಿಂತ, ಓವರ್‌ಡೋಸಿನ ಅಪಾಯ 8.9 ಪಟ್ಟು.

ಇದೇ ರಾಜ್ಯದ ಇನ್ನೊಂದು ತಾಳೆಯನ್ನು ಹೇಳದೆ ಮುಂದೆ ಹೋಗಲಾರೆ. ಸಂಶೋಧಕಿ ಇಂಗ್ರಿಡ್ ಬಿನ್ಸ್‌ವ್ಯಾಂಗರ್ ಮತ್ತು ಸಂಗಡಿಗರು ವಾಷಿಂಗ್ಟನ್ ಜೈಲುಗಳಿಂದ 1999ರಿಂದ 2003ರ ನಡುವೆ ಬಿಡುಗಡೆಯಾದ 30,237 ಮಂದಿಯ ಹೆಸರುಗಳನ್ನು ಮರಣ ದಾಖಲೆಗಳ ಪಕ್ಕದಲ್ಲಿಟ್ಟರು. ಹೊರಬಂದ ಮೊದಲ ಎರಡು ವಾರಗಳಲ್ಲಿ ಓವರ್‌ಡೋಸಿನಿಂದ ಸಾಯುವ ಸಂಭವ ರಾಜ್ಯದ ಉಳಿದ ಜನರಿಗಿಂತ 129 ಪಟ್ಟು. ಸೆರೆಯಲ್ಲಿದ್ದಾಗ ದೇಹದ ಒಗ್ಗಿಕೆ ಕರಗಿರುತ್ತದೆ, ಹೊರಗೆ ಬಂದವರು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾರೆ. ಮರಣ ಪ್ರಮಾಣಪತ್ರವನ್ನು ಮಾತ್ರ ಓದಿದವರಿಗೆ ಈ ಎರಡು ವಾರ ಎಂದೂ ಕಾಣುವುದಿಲ್ಲ. ಅದರಲ್ಲಿ ಬಿಡುಗಡೆಯ ತಾರೀಖು ಇರುವುದಿಲ್ಲ. ನಮಗೆ ಸಾವಿನ ಎಣಿಕೆಗಿಂತ ಹೆಚ್ಚಾಗಿ ಬೇಕಾದದ್ದು ಸಾವಿನ ಪಕ್ಕದಲ್ಲಿಡುವ ಎರಡನೆಯ ಕಾಗದ ಎಂದು ನನಗೆ ಮನದಟ್ಟಾದದ್ದು ಈ ಅಧ್ಯಯನವನ್ನು ಓದಿದಾಗ.

ದೇಶದ ಇನ್ನೊಂದು ತುದಿಯಲ್ಲಿ, ಉತ್ತರ ಕೆರೊಲಿನಾದ ವಿಲ್ಕ್ಸ್ ಕೌಂಟಿಯಲ್ಲಿ, ಇಂಥ ಕಾಗದವನ್ನು ಊರಿನವರೇ ಕೈಗೆತ್ತಿಕೊಂಡರು. ಅಪಲೇಚಿಯನ್ ಬೆಟ್ಟಗಳ ತಪ್ಪಲಿನ ಈ ಕೌಂಟಿಯ ಜನಸಂಖ್ಯೆ ಆಗ ಸುಮಾರು 69 ಸಾವಿರ. ಸಾಯುವ ಹಂತದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸಿನಲ್ಲಿ ಪಾದ್ರಿಯಾಗಿದ್ದ ಫ್ರೆಡ್ ಬ್ರೇಸನ್, ರೋಗಿಗಳ ಮಾತ್ರೆಗಳು ಮನೆಯವರ ಕೈಸೇರುತ್ತಿರುವುದನ್ನು ಕಂಡಿದ್ದರು. ವೈದ್ಯೆ ಸು ಆಲ್ಬರ್ಟ್, ಸಾಂಕ್ರಾಮಿಕಶಾಸ್ತ್ರಜ್ಞರಾದ ಕೇ ಸ್ಯಾನ್‌ಫರ್ಡ್, ನಬರುಣ್ ದಾಸ್‌ಗುಪ್ತಾ ಅವರ ಜೊತೆ ಸೇರಿ ಅವರು ಕಟ್ಟಿದ್ದು ಪ್ರಾಜೆಕ್ಟ್ ಲಾಜರಸ್. ಸತ್ತವರಿಗೆ ಆ ಮಾತ್ರೆಯ ಚೀಟಿ ಎಲ್ಲಿಂದ ಬಂದಿತ್ತು ಎಂದು ನೋಡಿದರೆ, 2008ರಲ್ಲಿ ನೂರಕ್ಕೆ 82 ಮಂದಿಗೆ ಚೀಟಿ ಬರೆದಿದ್ದವರು ಅದೇ ಕೌಂಟಿಯ ವೈದ್ಯರು. ಸಮಸ್ಯೆ ಹೊರಗಿನಿಂದ ಬಂದದ್ದಲ್ಲ ಎಂದು ಊರಿಗೆ ತಿಳಿಯಿತು. ವೈದ್ಯರನ್ನು ಕಂಡು ಮಾತಾಡಿದರು, ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಾತ್ರೆ ಕೊಡುವ ಕ್ರಮವನ್ನು ಬಿಗಿ ಮಾಡಿದರು, ಅಪಾಯವಿರುವ ರೋಗಿಗಳ ಮನೆಗೆ ನಲೋಕ್ಸೋನ್ ಕೊಟ್ಟು ಕಳಿಸಿದರು. ಒಪಿಯಾಯ್ಡನ್ನು ಮಿದುಳಿನ ಗ್ರಾಹಿಗಳಿಂದ ತಳ್ಳಿ ಉಸಿರನ್ನು ಮರಳಿಸುವ ಔಷಧ ಅದು. ಮೂಗಿಗೆ ಸಿಂಪಡಿಸುವುದನ್ನು ಮನೆಯವರೂ ಕಲಿಯಬಹುದು. 2009ರಲ್ಲಿ ಲಕ್ಷಕ್ಕೆ 46.6 ಇದ್ದ ಓವರ್‌ಡೋಸ್ ಸಾವಿನ ದರ 2010ರಲ್ಲಿ 29.0ಕ್ಕೆ ಇಳಿಯಿತು. ಕೌಂಟಿಯ ವೈದ್ಯರ ಚೀಟಿಯಿದ್ದ ಸಾವುಗಳು ನೂರಕ್ಕೆ 10ಕ್ಕೆ ಬಂದವು. ಇಷ್ಟು ಸಣ್ಣ ಕೌಂಟಿಯಲ್ಲಿ ಹತ್ತು ಹನ್ನೆರಡು ಸಾವುಗಳ ವ್ಯತ್ಯಾಸವೂ ದರವನ್ನು ಬಹಳ ಅಲುಗಾಡಿಸುತ್ತದೆ. ಒಂದು ವರ್ಷದ ಇಳಿಕೆಯಿಂದ ದೊಡ್ಡ ತೀರ್ಮಾನಕ್ಕೆ ಹೋಗುವುದು ಸರಿಯಲ್ಲ. ಆದರೂ ಆ ಹತ್ತು ಹನ್ನೆರಡು ಮಂದಿ ಅಲ್ಲಿಯವರಿಗೆ ಹೆಸರು ಹಿಡಿದು ಗೊತ್ತಿದ್ದವರು.

ವಾಷಿಂಗ್ಟನ್ನಿನ 120ರಂಥ ಅಂಕಿಯನ್ನು ಊರಿನಿಂದ ಎತ್ತಿ ದೇಶಕ್ಕೆಲ್ಲ ಹಾಕಿದಾಗ ಏನಾಗುತ್ತದೆಂಬುದನ್ನೂ ಹೇಳಬೇಕು. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಮಾರ್ಗಸೂಚಿಯಲ್ಲಿ ದಿನದ ಪ್ರಮಾಣದ ಗೆರೆ 90 ಮಿಲಿಗ್ರಾಂ ಎಂದಿತು. ನಿಂತು ಯೋಚಿಸುವ ಗೆರೆಯಾಗಬೇಕಿದ್ದದ್ದನ್ನು ವಿಮಾ ಕಂಪನಿಗಳೂ ಕೆಲವು ರಾಜ್ಯಗಳೂ ಗೋಡೆ ಮಾಡಿಕೊಂಡವು. ವರ್ಷಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿದ್ದವರ ಮಾತ್ರೆಯನ್ನು ಏಕಾಏಕಿ ಕತ್ತರಿಸಿದ್ದರಿಂದ ಅವರು ನರಳಿದರು. ಕೆಲವರು ಬೀದಿಯ ಮಾಲಿಗೆ ಹೋದರು, ಆತ್ಮಹತ್ಯೆಗಳೂ ಆದವು. 2019ರಲ್ಲಿ ಮಾರ್ಗಸೂಚಿ ಬರೆದವರೇ ಹೀಗೆ ಬಳಸಬೇಡಿ ಎಂದು ಎಚ್ಚರಿಸಿದರು. 2022ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಒಂದು ಕಚೇರಿಯ ಕಡತಗಳಲ್ಲಿ, ರೋಗಿಯ ಮುಖ ನೋಡಿ ಬಳಸಲೆಂದು ಹುಟ್ಟಿದ ಗೆರೆ ಅದು. ಮುಖ ನೋಡದವರ ಕೈಗೆ ಹೋದದ್ದೇ ಅನಾಹುತವಾಯಿತು ಎಂದು ನನ್ನ ಎಣಿಕೆ.

ಈಗ ಅಮೆರಿಕದಲ್ಲಿ ಹೆಚ್ಚಿನವರನ್ನು ಕೊಲ್ಲುತ್ತಿರುವುದು ಕಳ್ಳದಾರಿಯಲ್ಲಿ ಬರುವ ಫೆಂಟನಿಲ್ ಎಂಬ ಪ್ರಬಲ ಒಪಿಯಾಯ್ಡ್. ಅದಕ್ಕೆ ಚೀಟಿಯಿಲ್ಲ, ಆದ್ದರಿಂದ ಚೀಟಿಯ ಜೊತೆ ತಾಳೆ ನೋಡುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಬೇರೆ ಕಾಗದ ಬೇಕಾಗಿದೆ. ಮ್ಯಾಸಚೂಸೆಟ್ಸ್ ರಾಜ್ಯ 2015ರಲ್ಲಿ ಒಂದು ಕಾನೂನು ಮಾಡಿ, ಆಸ್ಪತ್ರೆ, ಆಂಬುಲೆನ್ಸ್, ಜೈಲು, ಔಷಧ ಚೀಟಿ, ಮರಣ ಇವೆಲ್ಲದರ ದಾಖಲೆಗಳನ್ನು ಹೆಸರು ಮರೆಸಿ ಜೋಡಿಸಲು ದಾರಿ ಮಾಡಿತು. ಆ ಜೋಡಣೆಯಿಂದ ಹೊರಬಂದ 2018ರ ಅಧ್ಯಯನವೊಂದು, ಓವರ್‌ಡೋಸ್ ಆಗಿಯೂ ಬದುಕಿ ಉಳಿದ 17,568 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿತು. ಒಪಿಯಾಯ್ಡ್ ಅವಲಂಬನೆಗೆ ಕೊಡುವ ಔಷಧಗಳಲ್ಲಿ ಒಂದಾದ ಮೆಥಡೋನ್ ಚಿಕಿತ್ಸೆ ದೊರೆತವರಲ್ಲಿ ಒಪಿಯಾಯ್ಡಿನಿಂದ ಸಾಯುವ ಸಂಭವ ನೂರಕ್ಕೆ 59ರಷ್ಟು ಕಡಿಮೆ. ಅಂಥದೇ ಇನ್ನೊಂದು ಔಷಧವಾದ ಬ್ಯುಪ್ರೆನಾರ್ಫಿನ್ ದೊರೆತವರಲ್ಲಿ 38ರಷ್ಟು. ಆ ವರ್ಷದಲ್ಲಿ ಮೆಥಡೋನ್ ಸಿಕ್ಕಿದ್ದು ನೂರಕ್ಕೆ 11 ಮಂದಿಗೆ, ಬ್ಯುಪ್ರೆನಾರ್ಫಿನ್ 17 ಮಂದಿಗೆ. ಉಳಿದವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಬಾಗಿಲವರೆಗೆ ಬಂದು, ಈ ಯಾವ ಔಷಧವೂ ಸಿಗದೆ ಮನೆಗೆ ಹೋಗಿದ್ದರು.