ಬದಲಾಗಬೇಕಾದವರನ್ನೂ ಕೇಳಿ



ನೀವು ಕನ್ನಡ ಕೂಟದ ಸಮಿತಿಗೆ ಹೊಸದಾಗಿ ಸೇರಿದ್ದೀರಿ ಎಂದುಕೊಳ್ಳಿ. ಯುಗಾದಿ ಊಟಕ್ಕೆ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕವನ್ನು ಇಷ್ಟು ವರ್ಷ ಒಬ್ಬರು ಆಂಟಿ ಎಲ್ಲರಿಗೂ ಫೋನ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. "ಇನ್ನು ಮೇಲೆ ಆನ್‌ಲೈನ್ ಫಾರ್ಮ್" ಎಂದು ನೀವು ಹೇಳಿದಿರಿ. ಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಆದರೆ ಫಾರ್ಮ್ ತುಂಬಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಆಂಟಿಗೇ ಫೋನ್ ಮಾಡಿದರು!

ದೊಡ್ಡ ಕಂಪನಿಗಳಲ್ಲೂ ಹೀಗೇ ಆಗುತ್ತದೆ. ಅದಕ್ಕೇ 'ಚೇಂಜ್ ಮ್ಯಾನೇಜ್‌ಮೆಂಟ್' ಎಂಬ ವಿಷಯ ಬೆಳೆದಿರುವುದು. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಕರ್ಟ್ ಲೆವಿನ್ ಮುಖ್ಯರು. ಇವರು ಹಿಟ್ಲರನ ಜರ್ಮನಿಯನ್ನು 1933ರಲ್ಲಿ ಬಿಟ್ಟು ಅಮೆರಿಕಕ್ಕೆ ಬಂದ ಮನಶ್ಶಾಸ್ತ್ರಜ್ಞ.

ಎರಡನೇ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಮಾಂಸದ ಅಭಾವ. ದನದ ಹೃದಯ, ಮೂತ್ರಪಿಂಡದಂಥ ಭಾಗಗಳನ್ನೂ ಜನ ಅಡುಗೆಗೆ ಬಳಸಲಿ ಎಂಬುದು ಸರ್ಕಾರದ ಆಸೆ. ಗೃಹಿಣಿಯರಿಗೋ ಅದೆಂದರೆ ಅಸಹ್ಯ. ಲೆವಿನ್ ತಂಡ ರೆಡ್ ಕ್ರಾಸ್ ಸ್ವಯಂಸೇವಕಿಯರ ಆರು ಗುಂಪುಗಳನ್ನು ಆರಿಸಿಕೊಂಡಿತು. ಮೂರು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಟ್ಟರು: ಪೌಷ್ಟಿಕಾಂಶ, ದೇಶಸೇವೆ, ಅಡುಗೆ ಮಾಡುವ ವಿಧಾನ, ಎಲ್ಲವೂ ಅದರಲ್ಲಿತ್ತು. ಉಳಿದ ಮೂರು ಗುಂಪುಗಳಲ್ಲಿ ಮಹಿಳೆಯರೇ ಮಾತಾಡಿದರು. ಗಂಡ ಒಪ್ಪುವುದಿಲ್ಲ, ಬೇಯುವಾಗ ವಾಸನೆ ಬರುತ್ತದೆ ಎಂಬ ಅಡ್ಡಿಗಳನ್ನು ಚರ್ಚಿಸಿ, ಕೊನೆಗೆ ಮಾಡಿ ನೋಡಲು ಸಿದ್ಧರಿರುವವರು ಕೈ ಎತ್ತಿದರು.

ಆಮೇಲೆ ವಿಚಾರಿಸಿದಾಗ, ಹಿಂದೆಂದೂ ಬಳಸದ ಮಾಂಸವನ್ನು ಮನೆಯಲ್ಲಿ ಬಡಿಸಿದವರು ಉಪನ್ಯಾಸದ ಗುಂಪುಗಳಲ್ಲಿ ಶೇಕಡಾ 3, ಚರ್ಚೆಯ ಗುಂಪುಗಳಲ್ಲಿ ಶೇಕಡಾ 32!

ಲೆವಿನ್ ಹೇಳುವುದು ಇಷ್ಟು: ಯಾವುದೇ ಪದ್ಧತಿಯನ್ನು ಕೆಲವು ಶಕ್ತಿಗಳು ಮುಂದಕ್ಕೆ ತಳ್ಳುತ್ತವೆ, ಕೆಲವು ಹಿಡಿದು ನಿಲ್ಲಿಸುತ್ತವೆ. ಇನ್ನೂ ಜೋರಾಗಿ ತಳ್ಳಿದರೆ ಜಗ್ಗಾಟ ಹೆಚ್ಚುತ್ತದೆ. ಹಿಡಿದಿರುವುದು ಏನು ಎಂದು ತಿಳಿದು ಅದನ್ನು ಸಡಿಲಿಸುವುದು ಮೇಲು. 1947ರ ಬರಹದಲ್ಲಿ ಅವರು ಮೂರು ಹಂತ ಹೇಳಿದರು: ಹಳೆಯದನ್ನು ಕರಗಿಸು, ಬದಲಿಸು, ಹೊಸದನ್ನು ಗಟ್ಟಿಮಾಡು. ಮೂರನೆಯದನ್ನೇ ನಾವು ಮರೆಯುವುದು. ಹಾರ್ವರ್ಡ್‌ನ ಜಾನ್ ಕಾಟರ್ ಕೂಡ 1995ರಲ್ಲಿ, ಬದಲಾವಣೆಗಳು ಸೋಲುವುದಕ್ಕೆ 'ಗೆದ್ದೆವು' ಎಂದು ಬೇಗನೆ ಸಾರಿಬಿಡುವುದೂ ಒಂದು ಕಾರಣ ಎಂದರು.

ಈಗ ಆಂಟಿಯ ನೋಟ್‌ಬುಕ್ಕಿಗೆ ಬನ್ನಿ. ಆ ಫೋನಿನಲ್ಲಿ ಊಟದ ಲೆಕ್ಕದ ಜೊತೆಗೆ "ಮಂಡಿನೋವು ಹೇಗಿದೆ? ಮಗಳು ಊರಿಂದ ಬಂದಳಾ?" ಎಂಬ ಮಾತೂ ಇತ್ತು. ನಿಮ್ಮ ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ. ಜನ ಹಿಡಿದುಕೊಂಡಿದ್ದು ನೋಟ್‌ಬುಕ್ಕನ್ನಲ್ಲ, ಆ ಮಾತನ್ನು.

ಹಾಗಾಗಿ ಮೊದಲು ಆಂಟಿಯ ಪಕ್ಕ ಕೂತು ಕೇಳಿ: "ಇದರಲ್ಲಿ ನಿಮಗೆ ಯಾವುದು ಕಷ್ಟ, ಯಾವುದು ಉಳೀಬೇಕು?" ಎಣಿಕೆ ಫಾರ್ಮಿಗೆ ಹೋಗಲಿ, ಹಿರಿಯರಿಗೆ ಫೋನ್ ಮುಂದುವರಿಯಲಿ ಎಂದು ಅವರೇ ಹೇಳಬಹುದು. ಒಂದು ಎಚ್ಚರ: ತೀರ್ಮಾನ ಮೊದಲೇ ಮಾಡಿಟ್ಟುಕೊಂಡು ಸುಮ್ಮನೆ ಕೇಳಿದಂತೆ ಮಾಡಬೇಡಿ. ಅದು ಯಾರಿಗಾದರೂ ಗೊತ್ತಾಗುತ್ತದೆ. ಕೇಳಿದ ಮೇಲೆ ನಿಮ್ಮ ಯೋಜನೆಯೂ ಸ್ವಲ್ಪ ಬದಲಾಗಲು ಸಿದ್ಧವಿರಬೇಕು.

ನಾಳೆ ಆಫೀಸಿನಲ್ಲಿ ನಿಮ್ಮ ಕೈಗೆ ದೊಡ್ಡ ಬದಲಾವಣೆಯ ಕೆಲಸ ಬಂದಾಗಲೂ ಇದೇ ಪ್ರಶ್ನೆಯಿಂದ ಶುರುಮಾಡಿ. ಮತ್ತೆ ಸಿಗೋಣ.